ಕರಾಟೆನಾ, ಜೂಡೋನಾ, ಟೇಕ್ವಾಂಡೋನಾ: ನಿಮ್ಮ ಮಗುವಿನ ಸ್ವಭಾವಕ್ಕೆ ಯಾವುದು ಹೊಂದುತ್ತೆ

ಮಕ್ಕಳನ್ನ ಇಂಥ ಕ್ಲಾಸಿಗೆ ಸೇರಿಸೋ ಮುಂಚೆ ಅಪ್ಪ ಅಮ್ಮಂದಿರು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ, ಇದರಲ್ಲಿ ಯಾವುದು ಬೆಸ್ಟ್? ಆದ್ರೆ ಕೇಳೋವಾಗ ಮನಸ್ಸಲ್ಲಿ ಇರೋದು ಬೇರೆ. ಹುಡುಗ ಎಲ್ಲದಕ್ಕೂ ಹೆದರ್ತಾನೆ ಸ್ವಲ್ಪ ಧೈರ್ಯ ಬರಲಿ, ಹುಡುಗಿಗೆ ಮೂಗಿನ ತುದಿಯಲ್ಲೇ ಸಿಟ್ಟು ಸ್ವಲ್ಪ ತಣ್ಣಗಾಗಲಿ, ಯಾವ ಕೆಲಸ ಹಿಡಿದ್ರೂ ಅರ್ಧಕ್ಕೇ ಬಿಡೋ ಅಭ್ಯಾಸ ಹೋಗಲಿ, ಯಾರಾದ್ರೂ ತಳ್ಳಿದ್ರೆ ಅಳ್ತಾ ಮನೆಗೆ ಬರೋ ಬದಲು ಎದುರಿಗೆ ನಿಂತು ಬೇಡ ಅನ್ನೋಷ್ಟು ಗಟ್ಟಿಯಾಗಲಿ. ಇದೆಲ್ಲ ಗುಣದ ವಿಷಯ, ಒದೆಯೋದು ಗುದ್ದೋದು ಅದಾದ ಮೇಲೆ. ಹಾಗಾಗಿ ಹೋಲಿಕೆ ಮಾಡೋದೂ ಆ ಕಣ್ಣಲ್ಲೇ ಮಾಡಬೇಕು ಅನ್ನೋದು ನನ್ನ ಅಭಿಪ್ರಾಯ.

ನನ್ನ ಮಕ್ಕಳ ಬಗ್ಗೆ ಮೊದಲೇ ಹೇಳಿಬಿಡ್ತೀನಿ. ದೊಡ್ಡವನು ನಾಲ್ಕು ವರ್ಷ ಕರಾಟೆ ಮಾಡಿ ಆಮೇಲೆ ಜೂಡೋಗೆ ಹೋದ, ಚಿಕ್ಕವಳು ಒಂದು ವರ್ಷ ಟೇಕ್ವಾಂಡೋ ಮಾಡಿ ಬಿಟ್ಟು ಈಗ ಬ್ರೆಜಿಲಿಯನ್ ಜಿಯು ಜಿತ್ಸುನಲ್ಲಿ ಇದಾಳೆ. ನಾಲ್ಕು ಕಡೆ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತು ನೋಡಿದೀನಿ, ನೋಡ್ತಾ ನೋಡ್ತಾ ನನಗೆ ಅರ್ಥ ಆಗಿದ್ದು ಏನಂದ್ರೆ ಮಾಸ್ಟರ್ ಕೊನೆಯ ಐದು ನಿಮಿಷ ಶಿಸ್ತು ಗೌರವ ಅಂತ ಹೇಳೋ ಮಾತು ಮಕ್ಕಳ ಕಿವಿಗೆ ಬೀಳೋದೇ ಕಮ್ಮಿ, ಆದ್ರೆ ವಾರಕ್ಕೆ ಎರಡು ಮೂರು ಸಲ ಅವರ ಮೈ ಏನು ಮಾಡುತ್ತೋ ಅದು ಒಳಗೆ ಇಳಿಯುತ್ತೆ. ಸೋತಾಗ ಏನು ಮಾಡ್ತಾರೆ, ಗೆದ್ದಾಗ ಏನು ಮಾಡ್ತಾರೆ, ತನಗಿಂತ ಚಿಕ್ಕ ಮಗು ಎದುರಿಗೆ ನಿಂತಾಗ ಎಷ್ಟು ಜೋರು ಹಾಕ್ತಾರೆ. ಒಂದೊಂದು ಕಲೆ ಇದನ್ನ ಒಂದೊಂದು ಥರ ಮಾಡಿಸುತ್ತೆ, ಕೆಳಗೆ ಬರೆದಿರೋದೆಲ್ಲ ಆ ವ್ಯತ್ಯಾಸದ ಬಗ್ಗೆ.

ಇದರಿಂದ ಗುಣ ನಿಜವಾಗ್ಲೂ ಬದಲಾಗುತ್ತಾ?

ಬದಲಾಗುತ್ತೆ, ಆದ್ರೆ ಯಾವ ಕಡೆಗೆ ಅನ್ನೋದು ಕಲಿಸೋ ರೀತಿ ಮೇಲೆ ನಿಂತಿದೆ. 1986ರಲ್ಲಿ ಪ್ರಕಟವಾದ ಮೈಕಲ್ ಟ್ರುಲ್ಸನ್ ಅವರ ಒಂದು ಅಧ್ಯಯನ ಇದೆ, ಚಿಕ್ಕದೇ, 13ರಿಂದ 17 ವರ್ಷದ 34 ಹುಡುಗರು, ಎಲ್ಲರೂ ದಾರಿ ತಪ್ಪಿದವರು ಅಂತ ಗುರುತಿಸಿಕೊಂಡವರು. ಮೂರು ಗುಂಪು ಮಾಡಿದ್ರು. ಒಂದು ಗುಂಪಿಗೆ ಸಾಂಪ್ರದಾಯಿಕ ಟೇಕ್ವಾಂಡೋ, ಅಂದ್ರೆ ಧ್ಯಾನ, ನಮಸ್ಕಾರ, ತತ್ವ ಎಲ್ಲ ಸೇರಿಸಿ. ಎರಡನೇ ಗುಂಪಿಗೆ ಬರೀ ಹೊಡೆದಾಟದ ಟೆಕ್ನಿಕ್, ಉಳಿದದ್ದೇನೂ ಇಲ್ಲ. ಮೂರನೇದಕ್ಕೆ ಓಟ, ಬಾಸ್ಕೆಟ್‌ಬಾಲ್ ಥರದ ಮಾಮೂಲಿ ಆಟ. ಆರು ತಿಂಗಳಾದ ಮೇಲೆ ಮೊದಲ ಗುಂಪಿನ ಹುಡುಗರ ಆಕ್ರಮಣ ಸ್ವಭಾವ ಇಳಿದಿತ್ತು, ಆತಂಕವೂ ಕಮ್ಮಿಯಾಗಿತ್ತು. ಬರೀ ಟೆಕ್ನಿಕ್ ಕಲಿತವರದ್ದು ಮುಂಚೆಗಿಂತ ಜಾಸ್ತಿಯಾಗಿತ್ತು. ಅದೇ ಒದೆ, ಅದೇ ಗುದ್ದು, ಫಲ ಮಾತ್ರ ತಿರುಗುಮುರುಗು. 34 ಹುಡುಗರ ಮೇಲೆ ಇಡೀ ಪ್ರಪಂಚದ ತೀರ್ಮಾನ ಮಾಡೋಕೆ ಆಗಲ್ಲ ನಿಜ, ಆದ್ರೂ ಇದನ್ನ ಓದಿದ ಮೇಲೆ ನಾನು ಕ್ಲಾಸ್ ನೋಡೋ ರೀತಿನೇ ಬದಲಾಯ್ತು.

ಇನ್ನೊಂದು, 2004ರಲ್ಲಿ ಕಿಂಬರ್ಲಿ ಲೇಕ್ಸ್ ಮತ್ತು ವಿಲಿಯಂ ಹಾಯ್ಟ್ ಪ್ರಕಟಿಸಿದ್ದು. ಒಂದು ಶಾಲೆಯ 207 ಮಕ್ಕಳು, ಶಿಶುವಿಹಾರದಿಂದ ಐದನೇ ಕ್ಲಾಸ್‌ವರೆಗೆ. ಅರ್ಧ ಮಕ್ಕಳಿಗೆ ಮಾಮೂಲಿ ಪಿಟಿ ಪೀರಿಯಡ್, ಇನ್ನರ್ಧಕ್ಕೆ ಟೇಕ್ವಾಂಡೋ ಆಧಾರದ ತರಬೇತಿ. ಮೂರು ತಿಂಗಳಿಗೆ ಟೇಕ್ವಾಂಡೋ ಮಕ್ಕಳು ಗಮನ ಇಡೋದರಲ್ಲಿ, ಸಿಟ್ಟು ಹಿಡಿತದಲ್ಲಿ ಇಟ್ಕೊಳ್ಳೋದರಲ್ಲಿ, ಕ್ಲಾಸಲ್ಲಿ ನಡ್ಕೊಳ್ಳೋದರಲ್ಲಿ ಮುಂದೆ ಬಂದ್ರು, ಹುಡುಗರಲ್ಲಿ ಇದು ಹೆಚ್ಚು ಕಾಣಿಸ್ತು. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ಮಕ್ಕಳಿಗೆ ಕಲಿಸಿದ್ದ ಮೂರು ಪ್ರಶ್ನೆ, ಅವರವರನ್ನೇ ಕೇಳ್ಕೊಳ್ಳೋಕೆ: ನಾನು ಈಗ ಎಲ್ಲಿದೀನಿ, ನಾನು ಏನು ಮಾಡ್ತಾ ಇದೀನಿ, ನಾನು ಏನು ಮಾಡ್ತಾ ಇರಬೇಕಿತ್ತು. ಮನೆಯಲ್ಲಿ ಹೋಂವರ್ಕ್ ಮುಂದೆ ಕೂತು ಕಿಟಕಿ ನೋಡೋ ಮಗುವಿಗೆ ಬೈಯೋ ಬದಲು ಈ ಮೂರು ಪ್ರಶ್ನೆ ಕೇಳಿ ನೋಡಿ, ನಾನು ಕೇಳ್ತೀನಿ, ಮಗು ತಾನಾಗೇ ಪುಸ್ತಕದ ಕಡೆ ತಿರುಗುತ್ತೆ.

ಉಲ್ಟಾ ಹೊಡೆದ ಉದಾಹರಣೆಯೂ ಇದೆ, ಅದನ್ನ ಮುಚ್ಚಿಡೋದು ಸರಿಯಲ್ಲ. ನಾರ್ವೆಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಎಂಡ್ರೆಸೆನ್ ಮತ್ತು ಓಲ್ವೆಯುಸ್ ಅವರ ಅಧ್ಯಯನದಲ್ಲಿ ಬಾಕ್ಸಿಂಗ್, ಕುಸ್ತಿ, ವೇಟ್‌ಲಿಫ್ಟಿಂಗ್, ಏಷ್ಯಾದ ಮಾರ್ಷಲ್ ಆರ್ಟ್ಸ್ ಮಾಡ್ತಿದ್ದ ಹುಡುಗರಲ್ಲಿ ಜಗಳ, ಕೆಟ್ಟ ನಡವಳಿಕೆ ಹೆಚ್ಚಾಗಿದ್ದು ಕಂಡುಬಂತು, ಅಲ್ಲಿನ ಗಂಡಸುತನ ತೋರಿಸೋ ವಾತಾವರಣವೇ ಕಾರಣ ಇರಬಹುದು ಅಂತ ಅವರು ಊಹಿಸಿದ್ರು. ಅಂದ್ರೆ ಬಿಳಿ ಡ್ರೆಸ್ ಹಾಕಿ ಬೆಲ್ಟ್ ಕಟ್ಟಿದ ಮಾತ್ರಕ್ಕೆ ಗುಣ ತಾನಾಗೇ ಬರುತ್ತೆ ಅಂತ ನಂಬಿ ಕೂರೋಹಾಗಿಲ್ಲ.

ಕರಾಟೆ

ಕರಾಟೆಯಲ್ಲಿ ಮಗು ಅತಿ ಹೆಚ್ಚು ಮಾಡೋದು ಒಂದೇ ಚಲನೆಯನ್ನ ನೂರು ಸಲ. ಕಿಹೊನ್ ಅಂದ್ರೆ ಮೂಲ ಹೊಡೆತ ತಡೆಗಳು, ಕಟಾ ಅಂದ್ರೆ ಒಬ್ಬನೇ ಒಂದು ಕ್ರಮದಲ್ಲಿ ಮಾಡೋ ಚಲನೆಗಳ ಸರಣಿ, ಕುಮಿಟೆ ಅಂದ್ರೆ ಎದುರಾಳಿ ಜೊತೆ. ಶುರುವಿನ ವರ್ಷ ಮೊದಲ ಎರಡರಲ್ಲೇ ಕಳೆದುಹೋಗುತ್ತೆ. ಇಪ್ಪತ್ತನೇ ಶತಮಾನದ ಶುರುವಲ್ಲಿ ಜಪಾನಿನ ಒಕಿನಾವಾದ ಶಾಲೆಗಳ ಒಳಗೆ ಕರಾಟೆ ತಂದ ಇಟೊಸು ಅಂಕೊ ಅವರು ಶಾಲೆ ಮಕ್ಕಳಿಗೆ ಅಂತಲೇ ಪಿನಾನ್ ಅನ್ನೋ ಐದು ಕಟಾ ರೂಪಿಸಿದ್ರು, ಇವತ್ತು ಅದೇ ಹೆಯಾನ್ ಅನ್ನೋ ಹೆಸರಲ್ಲೂ ಪ್ರಪಂಚದ ತುಂಬಾ ಮಕ್ಕಳು ಮಾಡ್ತಾರೆ. ಮಕ್ಕಳಿಗೆ ಒಗ್ಗೋ ಥರ ಇರಬೇಕು ಅನ್ನೋ ಯೋಚನೆ ಅದರ ಹುಟ್ಟಲ್ಲೇ ಇದೆ.

ಇದರಿಂದ ಬರೋದು ತಾಳ್ಮೆ, ವಿವರದ ಮೇಲೆ ಗಮನ, ಬೋರ್ ಆದ್ರೂ ಮಾಡಿ ಮುಗಿಸೋ ಅಭ್ಯಾಸ. ಕಟಾದಲ್ಲಿ ಬಚ್ಚಿಟ್ಕೊಳ್ಳೋಕೆ ಜಾಗ ಇಲ್ಲ, ಕಾಲು ಒಂದು ಇಂಚು ಆಚೀಚೆ ಇದ್ರೂ ಎಲ್ಲರಿಗೂ ಕಾಣುತ್ತೆ, ಹಂಗಂತ ಎದುರಿಗೆ ಯಾರೂ ಇಲ್ಲದೆ ಇರೋದ್ರಿಂದ ಪೆಟ್ಟು ಬೀಳೋ ಭಯ ಇಲ್ಲ. ನನ್ನ ಮಗ ಆರು ವರ್ಷದಲ್ಲಿ ಯಾರಾದ್ರೂ ಮೈ ಮುಟ್ಟಿದ್ರೂ ಮುದುಡ್ತಿದ್ದ, ಅಂಥವನಿಗೆ ಕಟಾ ಒಂದು ಆಸರೆ ಆಯ್ತು, ತನ್ನ ಪಾಡಿಗೆ ತಾನು ಮಾಡ್ತಾ ಮಾಡ್ತಾ ಒಂದು ದಿನ ಎಲ್ಲರ ಮುಂದೆ ಒಬ್ಬನೇ ನಿಂತು ಇಡೀ ಕಟಾ ಮಾಡಿದ, ಕಿಯಾಯ್ ಅಂತ ಕೂಗೋ ಕಡೆ ಅವನ ಧ್ವನಿ ಅಷ್ಟು ಜೋರಾಗಿ ಬರುತ್ತೆ ಅಂತ ನನಗೇ ಗೊತ್ತಿರಲಿಲ್ಲ.

1922ರಲ್ಲಿ ಟೋಕಿಯೋಗೆ ಕರಾಟೆ ಒಯ್ದ ಫುನಾಕೋಶಿ ಗಿಚಿನ್ ಅವರ ಇಪ್ಪತ್ತು ಸೂತ್ರಗಳಲ್ಲಿ ಮೊದಲನೇದು ಕರಾಟೆ ವಂದನೆಯಿಂದ ಶುರುವಾಗಿ ವಂದನೆಯಲ್ಲೇ ಮುಗಿಯುತ್ತೆ ಅನ್ನೋ ಅರ್ಥದ್ದು, ಎರಡನೇದು ಕರಾಟೆಯಲ್ಲಿ ಮೊದಲ ಏಟು ನಮ್ಮದಾಗಿರಬಾರದು ಅನ್ನೋದು. ಮಕ್ಕಳಿಗೆ ಆ ಎರಡನೇದನ್ನ ಗಟ್ಟಿಯಾಗಿ ಹೇಳೋ ಮಾಸ್ಟರ್ ಸಿಕ್ಕಿದ್ರೆ ಬಿಡಬೇಡಿ.

ಕೊರತೆ ಏನು ಅಂದ್ರೆ, ಕಟಾ ಚೆನ್ನಾಗಿ ಮಾಡೋ ಮಗು ನಿಜವಾದ ಒತ್ತಡದಲ್ಲಿ ಏನು ಮಾಡುತ್ತೆ ಅಂತ ಅಲ್ಲಿ ಗೊತ್ತಾಗಲ್ಲ. ಸೋಲೋದು ಹೇಗೆ ಅಂತ ಕಲಿಯೋ ಅವಕಾಶ ಕಮ್ಮಿ. ಕೆಲವು ಕಡೆ ಬೆಲ್ಟ್ ಬೇಗ ಬೇಗ ಕೊಡ್ತಾರೆ, ಮಗುವಿಗೆ ಇಲ್ಲದ ಧೈರ್ಯ ತಲೆಗೇರುತ್ತೆ.

ಟೇಕ್ವಾಂಡೋ

ಕೊರಿಯಾದ್ದು, ಈ ಹೆಸರು ಬಂದಿದ್ದು 1955ರಲ್ಲಿ, ಕಾಲಿನ ಆಟ ಜಾಸ್ತಿ. ಎತ್ತರಕ್ಕೆ ಒದೆಯೋದು, ತಿರುಗಿ ಒದೆಯೋದು, ಹಾರೋದು, ಇದೆಲ್ಲ ಶಕ್ತಿ ತುಂಬಿ ತುಳುಕೋ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗೆ ಇರುತ್ತೆ, ಒಂದು ಗಂಟೆ ಆದ ಮೇಲೆ ಮಗು ಬೆವತು ಹಗುರಾಗಿ ಬರುತ್ತೆ. ಸೌಜನ್ಯ, ಪ್ರಾಮಾಣಿಕತೆ, ಬಿಡದೆ ಸಾಧಿಸೋದು, ಮನಸ್ಸಿನ ಹಿಡಿತ, ಕುಗ್ಗದ ಛಲ ಅಂತ ಐದು ತತ್ವಗಳನ್ನ ತುಂಬಾ ಕಡೆ ಕ್ಲಾಸ್ ಶುರುವಲ್ಲಿ ಮಕ್ಕಳ ಬಾಯಲ್ಲಿ ಹೇಳಿಸ್ತಾರೆ. ಹೇಳಿಸೋದಷ್ಟೇ ಆದ್ರೆ ಅದು ಮಗ್ಗಿ ಥರ ಆಗಿಹೋಗುತ್ತೆ. ಚಿಕ್ಕವಳು ಐದನ್ನೂ ಒಂದೇ ಉಸಿರಲ್ಲಿ ಹೇಳ್ತಿದ್ಲು, ಪ್ರಾಮಾಣಿಕತೆ ಅಂದ್ರೆ ಏನಮ್ಮ ಅಂತ ನಾನು ಕೇಳಿದಾಗ ಸುಮ್ನೆ ನನ್ನ ಮುಖ ನೋಡಿದ್ಲು.

2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಇದು ಪದಕದ ಆಟ, ಹಾಗಾಗಿ ತುಂಬಾ ಕ್ಲಾಸ್‌ಗಳು ಪಾಯಿಂಟ್ ಸ್ಪಾರಿಂಗ್, ಅಂದ್ರೆ ಎದುರಾಳಿ ಜೊತೆ ಪಾಯಿಂಟಿಗೆ ಆಡೋ ಆಟದ ಕಡೆ ವಾಲಿರುತ್ತೆ. ಎದೆಗೆ ಗಾರ್ಡ್, ತಲೆಗೆ ಹೆಲ್ಮೆಟ್ ಹಾಕಿರ್ತಾರೆ, ಆದ್ರೂ ತಲೆಗೆ ಒದ್ದರೆ ಹೆಚ್ಚು ಪಾಯಿಂಟ್ ಅನ್ನೋ ನಿಯಮ ಇರೋ ಆಟ ಇದು ಅಂತ ನೆನಪಿರಲಿ. ಚಿಕ್ಕ ಮಕ್ಕಳಿಗೆ ತಲೆಗೆ ಒದೆಯೋದು ಬೇಡ ಅನ್ನೋ ನಿಯಮ ಆ ಕ್ಲಾಸಲ್ಲಿ ಇದೆಯಾ ಅಂತ ಮೊದಲ ದಿನವೇ ಕೇಳಿ. ಗೆಲ್ಲೋ ಹುಚ್ಚು ಈಗಾಗಲೇ ಇರೋ ಮಗುವಿಗೆ ಪಾಯಿಂಟ್ ಲೆಕ್ಕ ಇನ್ನಷ್ಟು ಹುಚ್ಚು ಹಿಡಿಸಬಹುದು, ಹೆದರೋ ಮಗುವಿಗೆ ಅದೇ ಪಾಯಿಂಟ್ ಒಂದು ಚಿಕ್ಕ ಗೆಲುವಿನ ರುಚಿ ತೋರಿಸಬಹುದು. ಬೇಕಿದ್ರೆ ಪೂಮ್ಸೆ, ಅಂದ್ರೆ ಕಟಾ ಥರದ್ದೇ, ಅದರ ಮೇಲೆ ಒತ್ತು ಕೊಡೋ ಕಡೆ ಹುಡುಕಿ.

ಜೂಡೋ

ನನ್ನ ಮನಸ್ಸು ಇದರ ಕಡೆ ವಾಲಿರೋದು ಮುಚ್ಚಿಡಲ್ಲ. 1882ರಲ್ಲಿ ಜೂಡೋ ಶುರು ಮಾಡಿದ ಕಾನೋ ಜಿಗೊರೊ ಮೇಷ್ಟ್ರು, ಟೋಕಿಯೋದಲ್ಲಿ ಶಿಕ್ಷಕರನ್ನ ತಯಾರು ಮಾಡೋ ಕಾಲೇಜಿನ ಮುಖ್ಯಸ್ಥರಾಗಿದ್ದವರು, ಜುಜುತ್ಸು ಅನ್ನೋ ಜಪಾನಿನ ಹಳೇ ಕಾಳಗದ ಕಲೆಯ ಅಪಾಯದ ಪಟ್ಟುಗಳನ್ನ ಪಕ್ಕಕ್ಕಿಟ್ಟು ಪೂರ್ತಿ ಬಲ ಹಾಕಿ ಅಭ್ಯಾಸ ಮಾಡಿದ್ರೂ ಏಟಾಗದ ಹಾಗೆ ಒಂದು ಪದ್ಧತಿ ಕಟ್ಟಿದ್ರು. ಅವರ ಎರಡು ತತ್ವ: ಶಕ್ತಿಯನ್ನ ಸರಿಯಾದ ಕಡೆ ಬಳಸೋದು, ಇನ್ನೊಬ್ಬರೂ ನಾವೂ ಜೊತೆಗೆ ಬೆಳೆಯೋದು.

ಆ ಎರಡನೇ ತತ್ವ ಬರೀ ಮಾತಲ್ಲ ಅಂತ ನನಗೆ ಗೊತ್ತಾಗಿದ್ದು ಒಂದು ಚಿಕ್ಕ ವಿಷಯದಿಂದ. ಒಂದು ಮಗು ಇನ್ನೊಂದನ್ನ ಎತ್ತಿ ಮ್ಯಾಟ್ ಮೇಲೆ ಹಾಕುತ್ತಲ್ಲ, ಆಗ ಹಾಕಿದ ಮಗು ಬೀಳ್ತಿರೋ ಮಗುವಿನ ತೋಳು ಬಿಡೋಹಾಗಿಲ್ಲ. ತೋಳು ಹಿಡಿದು ಮೇಲಕ್ಕೆ ಎಳೀಬೇಕು, ಆಗ ಬೀಳೋ ಮಗುವಿನ ತಲೆ ನೆಲಕ್ಕೆ ಬಡಿಯಲ್ಲ. ಯೋಚನೆ ಮಾಡಿ, ಗೆದ್ದ ಆ ಕ್ಷಣದಲ್ಲೇ, ಖುಷಿ ಉಕ್ಕಿ ಬರ್ತಿರೋ ಆ ಕ್ಷಣದಲ್ಲೇ, ಸೋತವನನ್ನ ಕಾಪಾಡೋ ಕೆಲಸ ಮಗುವಿನ ಕೈಯಲ್ಲಿ ಇರುತ್ತೆ. ವಾರಕ್ಕೆ ನೂರಾರು ಸಲ ಅದು ನಡೆಯುತ್ತೆ. ನನ್ನ ಮಗ ತಂಗಿ ಜೊತೆ ಮನೆಯಲ್ಲಿ ಕುಸ್ತಿ ಆಡೋವಾಗ ಅವಳ ತಲೆ ಕೆಳಗೆ ಕೈ ಇಡೋದು ನೋಡಿದೀನಿ, ಯಾರೂ ಹೇಳಿಕೊಟ್ಟಿದ್ದಲ್ಲ.

ಇನ್ನೊಂದು ಬೀಳೋ ವಿದ್ಯೆ, ಉಕೆಮಿ. ಮೊದಲ ಕೆಲವು ವಾರ ಮಕ್ಕಳು ಮಾಡೋದು ಬೀಳೋದು, ಎದ್ದೇಳೋದು, ಮತ್ತೆ ಬೀಳೋದು ಅಷ್ಟೇ. ಗದ್ದ ಎದೆಗೆ ಒತ್ತಿ, ಕೈಯಿಂದ ಮ್ಯಾಟ್ ಬಡಿದು. ತಪ್ಪು ಮಾಡೋಕೇ ಹೆದರೋ ಮಕ್ಕಳಿಗೆ, ಚಿತ್ರದಲ್ಲಿ ಒಂದು ಗೆರೆ ಸೊಟ್ಟಗಾದ್ರೆ ಹಾಳೆನೇ ಹರಿಯೋ ಅಂಥ ಮಕ್ಕಳಿಗೆ, ಇದಕ್ಕಿಂತ ಒಳ್ಳೇ ಪಾಠ ನಾನು ಕಂಡಿಲ್ಲ. ಅಲ್ಲಿ ಬಿದ್ದವನನ್ನ ನೋಡಿ ಯಾರೂ ನಗಲ್ಲ, ಯಾಕಂದ್ರೆ ಐದು ನಿಮಿಷಕ್ಕೆ ಅವರೂ ಬಿದ್ದಿರ್ತಾರೆ.

ಆದ್ರೆ ಕಣ್ಣು ಮುಚ್ಚಿ ಒಪ್ಪಬೇಡಿ. ಜಪಾನಿನ ಶಾಲೆಗಳಲ್ಲೇ 1983ರ ನಂತರದ ಸುಮಾರು ಮೂರು ದಶಕದಲ್ಲಿ ಜೂಡೋ ಅಭ್ಯಾಸದಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಜೀವ ಕಳ್ಕೊಂಡ್ರು, ಅದರಲ್ಲಿ ತುಂಬಾ ಜನಕ್ಕೆ ತಲೆಗೆ ಪೆಟ್ಟು, ಈ ಲೆಕ್ಕ ಹೊರಗೆ ಬಂದ ಮೇಲೆ ಅಲ್ಲಿ ದೊಡ್ಡ ಚರ್ಚೆನೇ ಆಯ್ತು. ಬೀಳೋದು ಸರಿಯಾಗಿ ಕಲಿಯೋ ಮುಂಚೆನೇ ಎತ್ತಿ ಹಾಕಿಸೋದು, ಸುಸ್ತಾದ ಮಗುವನ್ನ ಛಲ ಬರಲಿ ಅಂತ ಮತ್ತೆ ಮತ್ತೆ ಬೀಳಿಸೋದು, ಇಂಥ ಕಡೆ ಮಗುವನ್ನ ಒಂದು ದಿನವೂ ಇರಿಸಬೇಡಿ. ತಲೆ ನೋವು, ವಾಂತಿ, ಮಂಕು ಅಂದ್ರೆ ಅವತ್ತೇ ಅಭ್ಯಾಸ ನಿಲ್ಲಿಸಿ ಡಾಕ್ಟರ್ ಹತ್ರ. 2022ರಲ್ಲಿ ಜಪಾನಿನ ಜೂಡೋ ಒಕ್ಕೂಟ ಪ್ರೈಮರಿ ಶಾಲೆ ಮಕ್ಕಳ ರಾಷ್ಟ್ರಮಟ್ಟದ ವೈಯಕ್ತಿಕ ಟೂರ್ನಮೆಂಟನ್ನೇ ರದ್ದು ಮಾಡಿತು, ಗೆಲುವೇ ಎಲ್ಲ ಅನ್ನೋ ಹುಚ್ಚು ದೊಡ್ಡವರಲ್ಲಿ ಹೆಚ್ಚಾಗಿದೆ ಅನ್ನೋ ಕಾರಣಕ್ಕೆ. ಜೂಡೋ ಹುಟ್ಟಿದ ದೇಶದಲ್ಲೇ ಅಂಥ ತೀರ್ಮಾನ ತಗೊಂಡ್ರು ಅಂದ್ರೆ ಬೆಂಚಿನ ಮೇಲೆ ಕೂತು ಹಾಕು ಬೀಳಿಸು ಅಂತ ಕೂಗೋ ನಾವು ಒಂದು ನಿಮಿಷ ಯೋಚನೆ ಮಾಡಬೇಕು.

ಬ್ರೆಜಿಲಿಯನ್ ಜಿಯು ಜಿತ್ಸು

ಇದು ಜೂಡೋ ಬೇರಿನಿಂದಲೇ ಚಿಗುರಿದ್ದು, ಆಟ ಹೆಚ್ಚು ನೆಲದ ಮೇಲೆ. ಗುದ್ದೋದು ಒದೆಯೋದು ಇಲ್ಲ. ಹಿಡಿತದಲ್ಲಿ ಸಿಕ್ಕಿಹಾಕ್ಕೊಂಡ್ರೆ ಎದುರಾಳಿ ಮೈ ಮೇಲೆ ಎರಡು ಸಲ ತಟ್ಟಬೇಕು, ಟ್ಯಾಪ್ ಅಂತಾರೆ, ತಟ್ಟಿದ ತಕ್ಷಣ ಎದುರಿನವರು ಬಿಡಲೇಬೇಕು.

ಈ ತಟ್ಟೋದರಲ್ಲಿ ಎರಡು ಗುಣ ಒಟ್ಟಿಗೆ ಬೆಳೆಯುತ್ತೆ. ತಟ್ಟೋ ಮಗು ಸೋತೆ ಅಂತ ತಾನಾಗೇ ಒಪ್ಪಿಕೊಳ್ಳುತ್ತೆ, ರೆಫರಿ ಹೇಳಲಿ ಅಂತ ಕಾಯಲ್ಲ, ನೆಪ ಹೇಳಲ್ಲ. ಬಿಡೋ ಮಗು ಇನ್ನೊಬ್ಬರ ಸಾಕು ಅನ್ನೋ ಮಾತಿಗೆ ಆ ಕ್ಷಣವೇ ಬೆಲೆ ಕೊಡುತ್ತೆ. ನನ್ನ ಮಗಳು ಮೊದಲ ತಿಂಗಳು ತಟ್ಟೋದೇ ಇಲ್ಲ ಅಂತ ಹಠ ಹಿಡೀತಿದ್ಲು, ಕಣ್ಣಲ್ಲಿ ನೀರು ಬಂದ್ರೂ ತಟ್ತಿರಲಿಲ್ಲ, ಕೋಚ್ ಒಂದು ದಿನ ಅವಳನ್ನ ಪಕ್ಕಕ್ಕೆ ಕರೆದು ನೀನು ತಟ್ಟಿದ್ರೆ ತಾನೇ ಮತ್ತೆ ಶುರು ಮಾಡೋಕೆ ಆಗೋದು, ಐದು ನಿಮಿಷದಲ್ಲಿ ಹತ್ತು ಸಲ ಸೋತ್ರೆ ಹತ್ತು ಸಲ ಕಲಿತೆ, ಒಂದೇ ಸಲ ಹಿಡ್ಕೊಂಡು ಕೂತ್ರೆ ಒಂದೇ ಸಲ ಅಂದ್ರು. ಅವಳಿಗೆ ಆ ಲೆಕ್ಕ ಅರ್ಥ ಆಯ್ತು. ಈಗ ಮನೆಯಲ್ಲಿ ಅಣ್ಣ ಸಾಕು ಅಂದ್ರೆ ಕಚಗುಳಿ ಇಡೋದನ್ನೂ ನಿಲ್ಲಿಸ್ತಾಳೆ, ಅವನೂ ಅಷ್ಟೇ.

ಬೆಲ್ಟ್ ನಿಧಾನ. ಮಕ್ಕಳಿಗೆ ಬಿಳಿ, ಬೂದು, ಹಳದಿ, ಕಿತ್ತಳೆ, ಹಸಿರು, ಅಷ್ಟೇ, ನೀಲಿ ಬೆಲ್ಟಿಗೆ 16 ವರ್ಷ ತುಂಬಬೇಕು. ಕೈಗೆ ಬೇಗ ಏನಾದ್ರೂ ಸಿಗಬೇಕು ಅನ್ನೋ ಮಗುವಿಗೆ ಇದು ಕಷ್ಟ, ಮತ್ತೆ ಅದೇ ಕಾರಣಕ್ಕೆ ಒಳ್ಳೇದು ಕೂಡ. ಮೈಗೆ ಮೈ ತಾಗಿಸಿಕೊಂಡು ಆಡೋ ಆಟ, ಮುಟ್ಟಿಸಿಕೊಳ್ಳೋಕೆ ಇಷ್ಟ ಇಲ್ಲದ ಮಕ್ಕಳನ್ನ ಒತ್ತಾಯ ಮಾಡಬೇಡಿ. ಚರ್ಮದ ಸೋಂಕು ಹರಡೋ ಸಾಧ್ಯತೆ ಇದೆ, ಮ್ಯಾಟ್ ದಿನಾ ಒರೆಸ್ತಾರಾ, ಮಕ್ಕಳ ಉಗುರು ನೋಡ್ತಾರಾ ಅನ್ನೋದನ್ನ ಗಮನಿಸಿ, ಅಲ್ಲಿ ಅಸಡ್ಡೆ ಇದ್ರೆ ಬೇರೆ ಕಡೆನೂ ಅಸಡ್ಡೆ ಇರುತ್ತೆ.

ಉಳಿದವು, ಚಿಕ್ಕದಾಗಿ

ಕುಸ್ತಿ ಜೂಡೋ ಥರವೇ ಗಟ್ಟಿತನ ಕೊಡುತ್ತೆ, ಪಟ್ಟು ಹಿಡಿಯೋದು ಅನ್ನೋ ಮಾತು ಅಲ್ಲಿಂದಲೇ ಬಂದಿರೋದು ತಾನೆ, ಆದ್ರೆ ಹದಿಹರೆಯದಲ್ಲಿ ತೂಕದ ವರ್ಗಕ್ಕೋಸ್ಕರ ಹಸಿದು ತೂಕ ಇಳಿಸೋ ಚಾಳಿ ಬೆಳೆಸೋ ಕೋಚ್ ಇದ್ರೆ ದೂರ ಇರಿ. ಜಪಾನಿನದ್ದೇ ಆದ ಐಕಿಡೋದಲ್ಲಿ ಬಹುತೇಕ ಕಡೆ ಸ್ಪರ್ಧೆನೇ ಇಲ್ಲ, ಹಾಕೋರು ಬೀಳೋರು ಸರದಿ ಪ್ರಕಾರ ಬದಲಾಗ್ತಾ ಇರ್ತಾರೆ, ಪೈಪೋಟಿ ಅಂದ್ರೆ ಹೊಟ್ಟೆ ನೋವು ಬರೋ ಮಗುವಿಗೆ ಒಳ್ಳೇ ಶುರು. ಚೀನಾದ ವುಶು ಮತ್ತು ಕೇರಳದ ಕಳರಿಪಯಟ್ಟು ಎರಡರಲ್ಲೂ ಮೈ ಹದ ಮಾಡೋದಕ್ಕೇ ಬಹಳ ಕಾಲ ಹಿಡಿಯುತ್ತೆ, ಕಳರಿಯಲ್ಲಂತೂ ಮೈತ್ತಾರಿ ಅನ್ನೋ ದೇಹದ ಅಭ್ಯಾಸ ಗಟ್ಟಿಯಾದ ಮೇಲೇ ಕೋಲು, ಆಮೇಲೆ ಲೋಹದ ಆಯುಧ, ಕಾಯೋದನ್ನ ಕಲಿಸೋಕೆ ಇಷ್ಟು ಒಳ್ಳೇ ಕ್ರಮ ಅಪರೂಪ.

ಬಾಕ್ಸಿಂಗ್ ಬಗ್ಗೆ ನನ್ನ ಮಾತು ನೇರ: ಚೀಲಕ್ಕೆ ಗುದ್ದಲಿ, ಹಗ್ಗ ಜಿಗಿಯಲಿ, ತಲೆಗೆ ಏಟು ತಿನ್ನೋ ಪಂದ್ಯ ಬೇಡ. ಅಮೆರಿಕದ ಮಕ್ಕಳ ವೈದ್ಯರ ಸಂಘ 2011ರಲ್ಲಿ ಮಕ್ಕಳ ಬಾಕ್ಸಿಂಗನ್ನ ವಿರೋಧಿಸಿತು, 2016ರ ವರದಿಯಲ್ಲಿ ಗುದ್ದೋದು ಒದೆಯೋದು ಹಿಡಿಯೋದು ಎಲ್ಲ ಸೇರಿರೋ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್ ಪಂದ್ಯಗಳೂ ಮಕ್ಕಳಿಗೆ ಬೇಡ ಅಂತ ಹೇಳಿತು. ಬೆಳೀತಿರೋ ಮಿದುಳಿನ ವಿಷಯದಲ್ಲಿ ಧೈರ್ಯದ ಮಾತು ಬೇಡ.

ನಿಮ್ಮ ಮಗು ಹೇಗಿದೆ ಅನ್ನೋದರಿಂದ ನೋಡಿದ್ರೆ

ತುಂಬಾ ಸಂಕೋಚದ ಮಗು ಅಂದ್ರೆ ಕರಾಟೆ ಇಲ್ಲಾ ಐಕಿಡೋದಿಂದ ಶುರು ಮಾಡಿ, ಕೆಲವು ವರ್ಷ ಆದ ಮೇಲೆ ಜೂಡೋ. ನನ್ನ ಮಗನಿಗೆ ಈ ದಾರಿ ಸರಿಹೋಯ್ತು, ಮೊದಲೇ ಜೂಡೋಗೆ ಹಾಕಿದ್ರೆ ಎರಡನೇ ವಾರವೇ ಬಿಡ್ತಿದ್ದ ಅಂತ ಈಗ್ಲೂ ಅನ್ಸುತ್ತೆ.

ಸಿಟ್ಟಿನ ಮಗುವನ್ನ ಹೊಡೆಯೋ ಕಲೆಗೆ ಹಾಕಿದ್ರೆ ಸಿಟ್ಟೆಲ್ಲ ಹೊರಗೆ ಹೋಗುತ್ತೆ ಅಂತ ತುಂಬಾ ಜನ ಹೇಳ್ತಾರೆ, ನನಗೆ ಅದು ಒಪ್ಪಿಗೆ ಇಲ್ಲ. ಸಿಟ್ಟು ಬಂದಾಗ ಹೊಡೆಯೋದನ್ನ ಅಭ್ಯಾಸ ಮಾಡಿಸಿದ್ರೆ ಅದೇ ಅಭ್ಯಾಸ ಆಗುತ್ತೆ. ಹಿಡಿತದ ಕಲೆಗಳಲ್ಲಿ ಸಿಟ್ಟು ಮಾಡ್ಕೊಂಡ ಮಗು ತಕ್ಷಣ ಸೋಲುತ್ತೆ, ಉಸಿರು ಕಟ್ಟುತ್ತೆ, ಬಲ ಖಾಲಿಯಾಗುತ್ತೆ, ಎದುರಿಗಿರೋ ಶಾಂತವಾದ ಚಿಕ್ಕ ಹುಡುಗಿ ಮೇಲೆ ಬಂದು ಕೂರ್ತಾಳೆ. ಸಿಟ್ಟು ಕೆಲಸಕ್ಕೆ ಬರಲ್ಲ ಅಂತ ಯಾರೂ ಭಾಷಣ ಮಾಡೋದೇ ಬೇಕಾಗಿಲ್ಲ. ಹಾಗಾಗಿ ಜೂಡೋ ಇಲ್ಲಾ ಜಿಯು ಜಿತ್ಸು.

ಒಂದು ಕಡೆ ನಿಲ್ಲದ, ಗಮನ ಹಾರಾಡೋ ಮಗುವಿಗೆ ಟೇಕ್ವಾಂಡೋ ಅಥವಾ ಕರಾಟೆ ಸರಿಹೋಗಬಹುದು, ಸಾಲಲ್ಲಿ ನಿಲ್ಲೋದು, ಎಣಿಕೆಗೆ ಸರಿಯಾಗಿ ಚಲಿಸೋದು, ಚಿಕ್ಕ ಚಿಕ್ಕ ಗುರಿ, ಇದೆಲ್ಲ ಅಂಥ ಮಕ್ಕಳಿಗೆ ಹಿಡಿಕೆ ಇದ್ದ ಹಾಗೆ. ಗುಂಪು ಚಿಕ್ಕದಿರಲಿ. ಮೂವತ್ತು ಮಕ್ಕಳ ಹಿಂದಿನ ಸಾಲಲ್ಲಿ ಅಂಥ ಮಗು ಕಳೆದೇಹೋಗುತ್ತೆ.

ಶಾಲೆಯಲ್ಲಿ ಕಾಟ ತಿನ್ನೋ ಮಗುವಿನ ವಿಷಯ ಸೂಕ್ಷ್ಮ. ಕಲಿತು ವಾಪಸ್ ಹೊಡಿ ಅಂತ ಕಳಿಸಬೇಡಿ, ಆ ಹೊರೆ ಮಗುವಿನ ಮೇಲೆ ಹಾಕೋದು ಅನ್ಯಾಯ, ಶಾಲೆಯವರ ಜೊತೆ ಮಾತಾಡೋ ಕೆಲಸ ನಮ್ಮದು. ಕ್ಲಾಸ್ ಕೊಡೋದು ಬೇರೆ ಥರದ ಸಹಾಯ: ನೆಟ್ಟಗೆ ನಿಲ್ಲೋದು, ಕಣ್ಣಲ್ಲಿ ಕಣ್ಣಿಟ್ಟು ನೋಡೋದು, ಯಾರಾದ್ರೂ ಮೇಲೆ ಬಿದ್ದಾಗ ಮೈ ಮರಗಟ್ಟದೆ ಇರೋದು, ಮುಖ್ಯವಾಗಿ ಶಾಲೆಯ ಆಚೆ ಇನ್ನೊಂದು ಗುಂಪು, ಅಲ್ಲಿ ತನ್ನ ಹೆಸರು ಕರೆದು ಬಾ ಅನ್ನೋರು ಇದಾರೆ ಅನ್ನೋ ನೆಮ್ಮದಿ. ಇದನ್ನ ಯಾವ ಕಲೆಯಾದ್ರೂ ಕೊಡಬಹುದು, ಹಾಗಾಗಿ ಇಲ್ಲಿ ಕಲೆಗಿಂತ ಆ ಗುಂಪಿನ ಮಕ್ಕಳನ್ನ ನೋಡಿ ಸೇರಿಸಿ.

ವಯಸ್ಸಿನ ಬಗ್ಗೆ ಹೆಚ್ಚು ಹೇಳೋಕಿಲ್ಲ. ನಾಲ್ಕೈದು ವರ್ಷಕ್ಕೆ ಅದು ಆಟವೇ ಆಗಿರಬೇಕು, ಆರೇಳಕ್ಕೆ ಕ್ರಮ ಅರ್ಥ ಆಗುತ್ತೆ, ಹದಿಮೂರಕ್ಕೆ ಶುರು ಮಾಡಿದ್ರೂ ತಡ ಆಗಿಲ್ಲ.

ಮಾಸ್ಟರನ್ನ ನೋಡೋದು ಹೇಗೆ

ಮೇಲೆ ಬರೆದಿದ್ದನ್ನೆಲ್ಲ ಒಬ್ಬ ಕೆಟ್ಟ ಮಾಸ್ಟರ್ ತಲೆಕೆಳಗೆ ಮಾಡಬಹುದು, ಒಬ್ಬ ಒಳ್ಳೇ ಮಾಸ್ಟರ್ ಯಾವ ಕಲೆಯಲ್ಲಿದ್ರೂ ಮಗುವನ್ನ ಬೆಳೆಸಬಹುದು. ಎರಡು ಆಯ್ಕೆ ಮಧ್ಯೆ ಗೊಂದಲ ಇದ್ರೆ ಕಲೆ ಬಿಟ್ಟು ಮಾಸ್ಟರನ್ನ ಆರಿಸಿ.

ಸೇರಿಸೋ ಮುಂಚೆ ಒಂದು ಇಡೀ ಕ್ಲಾಸ್ ಕೂತು ನೋಡಿ, ಚೆನ್ನಾಗಿ ಮಾಡೋ ಮಕ್ಕಳನ್ನ ನೋಡಬೇಡಿ, ಎಲ್ಲರಿಗಿಂತ ಹಿಂದಿರೋ ಮಗು ಯಾವುದು ಅಂತ ಹುಡುಕಿ, ಒಂದು ಗಂಟೆ ಅದರ ಮೇಲೇ ಕಣ್ಣಿಡಿ. ಮಾಸ್ಟರ್ ಅದರ ಹತ್ರ ಎಷ್ಟು ಸಲ ಹೋದ್ರು, ಹೋದಾಗ ಏನಂದ್ರು, ಬೇರೆ ಮಕ್ಕಳು ಅದನ್ನ ಹೇಗೆ ನೋಡಿದ್ರು. ನಿಮ್ಮ ಮಗುವೂ ಮೊದಲ ದಿನ ಅದೇ ಜಾಗದಲ್ಲಿ ನಿಲ್ಲೋದು. ನಾವು ಮೊದಲು ಸೇರಿಸಿದ್ದ ಒಂದು ಕಡೆ ಸ್ಪಾರಿಂಗಲ್ಲಿ ಸೋತ ಮಗುವಿಗೆ ಎಲ್ಲರ ಮುಂದೆ ದಂಡ ಹೊಡೆಸ್ತಿದ್ರು, ಇಪ್ಪತ್ತು ದಂಡ, ಉಳಿದ ಮಕ್ಕಳು ಜೋರಾಗಿ ಎಣಿಸ್ತಿದ್ರು. ಎರಡು ತಿಂಗಳಲ್ಲಿ ಮಕ್ಕಳು ತಮಗಿಂತ ಕಮ್ಮಿ ಬಲದವರ ಜೊತೆಗೇ ಜೋಡಿ ಆಗೋಕೆ ಓಡಾಡೋದು ಶುರುವಾಯ್ತು. ಸೋಲಿಗೆ ಶಿಕ್ಷೆ ಇದ್ರೆ ಮಕ್ಕಳು ಕಲಿಯೋದು ಸೋಲನ್ನ ತಪ್ಪಿಸಿಕೊಳ್ಳೋ ಉಪಾಯ, ನಾವು ಬಿಡಿಸಿದ್ವಿ.

ದೊಡ್ಡ ಬೆಲ್ಟ್ ಮಕ್ಕಳು ಚಿಕ್ಕವರ ಬೆಲ್ಟ್ ಗಂಟು ಕಟ್ಟಿಕೊಡ್ತಾರಾ, ಅದನ್ನೂ ನೋಡಿ. ಸಣ್ಣ ವಿಷಯ ಅನ್ಸಬಹುದು, ಆದ್ರೆ ಮೇಲಿನವರಿಗೆ ಬಾಗೋದನ್ನ ಎಲ್ಲ ಕಡೆನೂ ಕಲಿಸ್ತಾರೆ, ಕೆಳಗಿನವರಿಗೆ ಬಾಗೋದನ್ನ ಕಲಿಸೋ ಜಾಗ ಬೇರೆಯೇ. ಎಷ್ಟು ತಿಂಗಳಿಗೆ ಬ್ಲ್ಯಾಕ್ ಬೆಲ್ಟ್ ಅಂತ ಗ್ಯಾರಂಟಿ ಕೊಡೋರನ್ನ, ಅಪ್ಪ ಅಮ್ಮ ಒಳಗೆ ಕೂರೋಹಾಗಿಲ್ಲ ಅನ್ನೋರನ್ನ, ಗ್ರೇಡಿಂಗಲ್ಲಿ, ಅಂದ್ರೆ ಬೆಲ್ಟ್ ಪರೀಕ್ಷೆಯಲ್ಲಿ, ಯಾರನ್ನೂ ಯಾವತ್ತೂ ಫೇಲ್ ಮಾಡದವರನ್ನ ನಾನು ನಂಬಲ್ಲ. ಮಗ ಒಂದು ಗ್ರೇಡಿಂಗಲ್ಲಿ ಫೇಲ್ ಆದಾಗ ಅವನ ಕರಾಟೆ ಮಾಸ್ಟರ್ ಅವನ ಮುಂದೆ ಮಂಡಿಯೂರಿ ಕೂತು ಯಾವ ಎರಡು ಚಲನೆ ಸರಿ ಬಂದಿಲ್ಲ ಅಂತ ತೋರಿಸಿದ್ರು, ಮೂರು ತಿಂಗಳು ಅವನು ಅದನ್ನೇ ಅಡುಗೆಮನೆ ಬಾಗಿಲಲ್ಲಿ ನಿಂತು ಮಾಡಿದ, ಆಮೇಲೆ ಸಿಕ್ಕಿದ ಬೆಲ್ಟನ್ನ ರಾತ್ರಿ ದಿಂಬಿನ ಪಕ್ಕ ಇಟ್ಕೊಂಡು ಮಲಗಿದ. ಪಾಸಾದ ಮಿಕ್ಕ ಬೆಲ್ಟ್ ಯಾವುದಕ್ಕೂ ಹಂಗೆ ಮಾಡಿಲ್ಲ.

ಮನೆಯಲ್ಲಿ ನಾವು ಮಾಡೋದೂ ಒಂದಿಷ್ಟಿದೆ. ಕ್ಲಾಸ್ ಮುಗಿದ ತಕ್ಷಣ ಗೆದ್ಯಾ ಅಂತ ಕೇಳೋದು ನಾನು ನಿಲ್ಲಿಸಿದೀನಿ, ಇವತ್ತು ಯಾರ ಜೊತೆ ಜೋಡಿಯಾಗಿದ್ದೆ, ಅವರು ಯಾವುದರಲ್ಲಿ ಚೆನ್ನಾಗಿದಾರೆ ಅಂತ ಕೇಳ್ತೀನಿ. ತುಂಟಾಟ ಮಾಡಿದಾಗ ತಡಿ ನಿಮ್ಮ ಮಾಸ್ಟರಿಗೆ ಹೇಳ್ತೀನಿ ಅಂತ ಹೆದರಿಸೋದನ್ನೂ ಮಾಡಬೇಡಿ, ಮಗುವಿಗೆ ಗೌರವ ಇರೋ ಜಾಗವನ್ನ ಭಯದ ಜಾಗ ಮಾಡಿಬಿಡ್ತೀವಿ.

ಬಿಡ್ತೀನಿ ಅಂದ್ರೆ?

ಅಂದೇ ಅಂತಾರೆ. ಸಾಮಾನ್ಯವಾಗಿ ಮೂರನೇ ತಿಂಗಳ ಹತ್ರ ಹೊಸತನ ಹೋಗುತ್ತೆ, ಕಷ್ಟ ಶುರುವಾಗುತ್ತೆ. ನಮ್ಮ ಮನೆಯ ನಿಯಮ, ಸೇರೋವಾಗಲೇ ಒಂದು ಗಡುವು ಒಪ್ಪಿಕೊಳ್ಳೋದು, ಮುಂದಿನ ಗ್ರೇಡಿಂಗ್‌ವರೆಗೆ ಇಲ್ಲಾ ಆರು ತಿಂಗಳು, ಅಲ್ಲಿವರೆಗೆ ಬೇಜಾರು ಅನ್ನೋ ಕಾರಣಕ್ಕೆ ಬಿಡೋಹಾಗಿಲ್ಲ, ಅದು ಮುಗಿದ ಮೇಲೆ ಬಿಡ್ತೀನಿ ಅಂದ್ರೆ ನಾವು ಮುಖ ಸಣ್ಣ ಮಾಡೋಹಾಗಿಲ್ಲ. ಭಯ, ನೋವು, ಯಾರೋ ಕೆಟ್ಟದಾಗಿ ಮುಟ್ಟಿದ್ರು ಕೆಟ್ಟದಾಗಿ ಮಾತಾಡಿದ್ರು ಅನ್ನೋದಾದ್ರೆ ಗಡುವು ಗಿಡುವು ಏನೂ ಇಲ್ಲ, ಅವತ್ತೇ ನಿಲ್ಲಿಸೋದು, ಇದನ್ನೂ ಮಗುವಿಗೆ ಮೊದಲೇ ಹೇಳಿರಬೇಕು. ಮಗಳು ಟೇಕ್ವಾಂಡೋ ಬಿಟ್ಟಿದ್ದು ಒಪ್ಪಿಕೊಂಡ ಗಡುವು ಮುಗಿದ ಮರುದಿನ. ಕೊನೆಯ ಕ್ಲಾಸಿಗೆ ತಾನೇ ಡ್ರೆಸ್ ಹಾಕ್ಕೊಂಡು ಹೋದ್ಲು, ಮಾಸ್ಟರಿಗೆ ಬಾಗಿ ನಮಸ್ಕಾರ ಮಾಡಿ, ನಾಳೆಯಿಂದ ಬರಲ್ಲ ಸರ್, ಥ್ಯಾಂಕ್ಸ್ ಅಂತ ತಾನೇ ಹೇಳಿ ಬಂದ್ಲು. ಆಗ ಅವಳಿಗೆ ಏಳು ವರ್ಷ.